ಗುಂಡಿ ಒತ್ತಿದರೂ ಏಳದ ಕಂಪ್ಯೂಟರು: ಅಪ್ಪನಿಗೊಂದು ಪತ್ರ

ಶಿಕಾಗೊ

ತೀರ್ಥರೂಪರಾದ ಅಪ್ಪನವರ ಚರಣಗಳಿಗೆ ನಿಮ್ಮ ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ಮೊನ್ನೆ ಫೋನಿನಲ್ಲಿ ಅರ್ಧ ಮಾತು ಕೇಳಿಸಲಿಲ್ಲವಾದ್ದರಿಂದ, ನಿಧಾನವಾಗಿ ಓದಿಕೊಂಡು ಮಾಡಲು ಅನುಕೂಲವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ರಿಪೇರಿಯ ಹುಡುಗ ಕಂಪ್ಯೂಟರಿನ ಡಬ್ಬವನ್ನು ಬಿಚ್ಚಿಯೂ ನೋಡದೆ, ಒಳಗಿನ ಮುಖ್ಯ ಹಲಗೆಯಾದ ಮದರ್‌ಬೋರ್ಡ್ ಹೋಗಿದೆ, ಅಂಗಡಿಗೆ ಕಳಿಸಿ ಎಂದನಂತೆ. ದಯವಿಟ್ಟು ಈಗಲೇ ಕಳಿಸಬೇಡಿ. ನೀವು ಎರಡು ವರ್ಷ ಕೂತು ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದ ನಮ್ಮ ಮನೆತನದ ಚರಿತ್ರೆಯೆಲ್ಲ ಅದರ ಹಾರ್ಡ್ ಡಿಸ್ಕಿನಲ್ಲಿದೆ. ಕಂಪ್ಯೂಟರು ಆನ್ ಆಗದಿದ್ದ ಮಾತ್ರಕ್ಕೆ ಆ ಬರಹ ಅಳಿಸಿಹೋಗುವುದಿಲ್ಲ. ಡಿಸ್ಕನ್ನು ಬಿಚ್ಚಿ ಬೇರೊಂದು ಕಂಪ್ಯೂಟರಿಗೆ ಜೋಡಿಸಿದರೆ ಹೆಚ್ಚಿನ ಪಾಲು ಹಾಗೆಯೇ ಸಿಗುತ್ತದೆ. ಅಂಗಡಿಯಲ್ಲಿ ಯಾರಾದರೂ ಕೇಳದೆಯೇ ಫಾರ್ಮ್ಯಾಟ್ ಮಾಡಿ ಎಲ್ಲವನ್ನೂ ಅಳಿಸಿಬಿಟ್ಟಾರು ಎಂಬುದೊಂದೇ ನನ್ನ ಭಯ.

ಮಹಡಿಯ ನಲ್ಲಿಯಲ್ಲಿ ನೀರು ಬಾರದಿದ್ದಾಗ ನೀವು ಮೊದಲು ಸಂಪಿನ ಮುಚ್ಚಳ ತೆಗೆದು ನೋಡಿ, ಆಮೇಲೆ ಮೋಟಾರು, ಆಮೇಲೆ ಟ್ಯಾಂಕು, ಕೊನೆಗೆ ವಾಲ್ವು ಎಂದು ಒಂದೊಂದಾಗಿ ನೋಡಿಕೊಂಡು ಹೋಗುತ್ತಿದ್ದಿರಲ್ಲ, ಇದೂ ಹಾಗೆಯೇ. ಕರೆಂಟು ಎಲ್ಲಿಯವರೆಗೆ ಬಂದು ನಿಂತಿದೆ ಎಂದು ಹುಡುಕಬೇಕು, ಅಷ್ಟೇ.

ನನಗೆ ಮೊದಲ ಅನುಮಾನ ಕಿಟಕಿಯ ಪಕ್ಕದ ಸಾಕೆಟ್ಟಿನ ಮೇಲೆ. ಪ್ಲಗ್ಗು ಸಡಿಲವಾಗಿ ಜೋತುಬೀಳುತ್ತದೆಂದು ನೀವು ಹಳೆಯ ಲಗ್ನಪತ್ರಿಕೆಯ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ ಅದರ ಕೆಳಗೆ ಸಿಕ್ಕಿಸಿದ್ದಿರಿ. ಕಳೆದ ಸಲ ಬಂದಾಗ ಅದರ ಅಂಚಿನ ಅರಿಸಿನ ಕಂದು ಬಣ್ಣಕ್ಕೆ ತಿರುಗಿದ್ದನ್ನು ನೋಡಿದ್ದೆ. ಬಿಸಿಯಾಗದೆ ಕಾಗದ ಹಾಗೆ ಕಂದುವುದಿಲ್ಲ. ಸ್ವಿಚ್ಚು ಆರಿಸಿ, ಆ ತುಂಡನ್ನು ತೆಗೆದು ಬಿಸಾಡಿ, ಎಲೆಕ್ಟ್ರಿಷಿಯನ್ನನ್ನು ಕರೆಸಿ ಸಾಕೆಟ್ಟನ್ನೇ ಬದಲಾಯಿಸಿ. ಅಲ್ಲಿಯವರೆಗೆ ಕಂಪ್ಯೂಟರನ್ನು ನಡುಮನೆಯ ಸಾಕೆಟ್ಟಿಗೆ, ಯುಪಿಎಸ್ಸಿನ ಮೂಲಕವಲ್ಲದೆ ನೇರವಾಗಿ, ಹಾಕಿ ನೋಡಿ. ಯುಪಿಎಸ್ಸಿನ ಬ್ಯಾಟರಿ ಸತ್ತಿದ್ದರೂ ಕಂಪ್ಯೂಟರಿನ ಮೇಲೆ ಅಪವಾದ ಬರುವುದುಂಟು.

ಆಗಲೂ ಏಳದಿದ್ದರೆ ಮಾನಿಟರಿನ ವೈರನ್ನು ಕಿತ್ತು ಸಿಪಿಯು ಡಬ್ಬಕ್ಕೆ ಹಾಕಿ; ನಮ್ಮ ಮನೆಯಲ್ಲಿ ಎರಡಕ್ಕೂ ಒಂದೇ ಬಗೆಯ ವೈರು. ಡಬ್ಬದ ಹಿಂದೆ, ವೈರು ಸೇರುವ ಕಡೆ, ಗೀಟು ಮತ್ತು ಸೊನ್ನೆ ಬರೆದ ಸ್ವಿಚ್ಚೊಂದಿದೆ. ಕಸ ಗುಡಿಸುವಾಗ ಪೊರಕೆ ತಾಗಿ ಅದು ಸೊನ್ನೆಯ ಕಡೆಗೆ ಬಿದ್ದಿರಬಹುದು. ಗೀಟಿನ ಕಡೆಗೆ ಒತ್ತಿರಬೇಕು. ಪಕ್ಕದಲ್ಲಿ 115, 230 ಎಂಬ ಎರಡು ವೋಲ್ಟುಗಳ ನಡುವೆ ಸರಿಯುವ ಪುಟ್ಟ ಕೆಂಪು ಸ್ವಿಚ್ಚನ್ನು ಮಾತ್ರ ಮುಟ್ಟಬೇಡಿ. ಇಲ್ಲಿ ಅಮೆರಿಕದಲ್ಲಿ ಮನೆಗೆ ಬರುವುದು 120 ವೋಲ್ಟು, ನಮ್ಮಲ್ಲಿ 230; ಆ ಸ್ವಿಚ್ಚು 115ರ ಕಡೆಗೆ ಸರಿದರೆ ಕರೆಂಟು ಕೊಟ್ಟ ಕ್ಷಣವೇ ಎಸ್‌ಎಂಪಿಎಸ್ (ಮನೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಇಳಿಸಿಕೊಡುವ ಪೆಟ್ಟಿಗೆ) ಢಬ್ಬೆಂದು ಸುಟ್ಟುಹೋಗುತ್ತದೆ.

ಇನ್ನೊಂದು ಸುಲಭದ ಉಪಾಯವಿದೆ. ವೈರನ್ನು ಪೂರ್ತಿ ಕಿತ್ತು, ಮುಂದಿನ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ವೈರು ಹಾಕಿ ಒತ್ತಿ ನೋಡಿ. ಒಳಗೆ ಉಳಿದ ಕರೆಂಟು ಇಳಿದುಹೋಗಿ, ಎಷ್ಟೋ ಸಲ ಅಷ್ಟಕ್ಕೇ ಎದ್ದುಬಿಡುತ್ತದೆ.

ಒತ್ತುವಾಗ ರೇಡಿಯೋ ಆರಿಸಿ, ಕಿವಿಗೊಟ್ಟು ಕೇಳಿ. ಫ್ಯಾನು ತಿರುಗುತ್ತಿದ್ದು ಪರದೆ ಮಾತ್ರ ಕಪ್ಪಾಗಿದ್ದರೆ ಎಸ್‌ಎಂಪಿಎಸ್ ಬದುಕಿದೆಯೆಂದು ಅರ್ಥ. ಆಗ ತಮ್ಮನಿಗೆ ಹೇಳಿ, ವೈರು ಕಿತ್ತ ಮೇಲೆ, ರ‍್ಯಾಮ್ ಎಂಬ ನೆನಪಿನ ಪಟ್ಟಿಯನ್ನು ತೆಗೆದು, ಅದರ ಹೊಂಬಣ್ಣದ ಅಂಚನ್ನು ಮಕ್ಕಳ ರಬ್ಬರಿನಿಂದ ಹಗುರವಾಗಿ ಉಜ್ಜಿ, ಟಕ್ಕೆನ್ನುವವರೆಗೆ ಒತ್ತಿ ಕೂರಿಸಲಿ. ಫ್ಯಾನು ಒಂದು ಸುತ್ತು ತಿರುಗಿ ನಿಂತರೆ ಒಳಗೆಲ್ಲೋ ಶಾರ್ಟ್ ಆಗಿರಬಹುದು. ಸದ್ದೇ ಇಲ್ಲದಿದ್ದರೆ ಗುಂಡಿಯೇ ಕೆಟ್ಟಿರುವ ಸಾಧ್ಯತೆಯೂ ಇದೆ, ಏಕೆಂದರೆ ನೀವು ಅದನ್ನು ಬಾಗಿಲ ಕರೆಗಂಟೆಯ ಹಾಗೆ ಒತ್ತುತ್ತೀರಿ, ಕೋಪಿಸಿಕೊಳ್ಳಬೇಡಿ. ಮದರ್‌ಬೋರ್ಡಿನಲ್ಲಿ ಆ ಗುಂಡಿಯ ವೈರು ಸೇರುವ ಎರಡು ಕಡ್ಡಿಗಳಿಗೆ ರೀಸೆಟ್ ಗುಂಡಿಯ ವೈರನ್ನು ತಮ್ಮನು ಬದಲಾಯಿಸಿ ಸಿಕ್ಕಿಸಿದರೆ, ರೀಸೆಟ್ಟೇ ಆನ್ ಮಾಡುವ ಗುಂಡಿಯಾಗುತ್ತದೆ.

ಇದಾವುದಕ್ಕೂ ಬಗ್ಗದಿದ್ದರೆ ಎಸ್‌ಎಂಪಿಎಸ್ ಹೋಗಿರುವುದೇ ಹೆಚ್ಚು ಸಂಭವ. ಪದೇ ಪದೇ ಕರೆಂಟು ಹೋಗಿ ಬರುವ ಕಡೆ ಮದರ್‌ಬೋರ್ಡಿಗಿಂತ ಮೊದಲು ಪೆಟ್ಟು ತಿನ್ನುವುದು ಅದೇ. ಆ ಪೆಟ್ಟಿಗೆಯನ್ನು ಮಾತ್ರ ಯಾರೂ ಬಿಚ್ಚಬಾರದು. ವೈರು ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೀರಿದ ಕರೆಂಟು ಉಳಿದಿರಬಹುದು. ಇಡಿಯಾಗಿ ಬದಲಾಯಿಸುವುದೇ ಸರಿ. ಅದರ ಮೇಲಿನ ಚೀಟಿಯಲ್ಲಿರುವ ವ್ಯಾಟ್ ಸಂಖ್ಯೆಯನ್ನು ಬರೆದುಕೊಂಡು, ನ್ಯಾಷನಲ್ ಕಾಲೇಜಿನಲ್ಲಿ ಮೆಟ್ರೊ ಹತ್ತಿ ಮುಂದಿನ ನಿಲ್ದಾಣವಾದ ಕೆ. ಆರ್. ಮಾರುಕಟ್ಟೆಯಲ್ಲಿ ಇಳಿದರೆ ಕಂಪ್ಯೂಟರಿನ ಬಿಡಿಭಾಗಗಳು ಸಿಗುವ ಎಸ್. ಪಿ. ರಸ್ತೆ ಹತ್ತಿರವೇ. ಅಷ್ಟೇ ವ್ಯಾಟಿನದು ಅಥವಾ ತುಸು ಹೆಚ್ಚಿನದು ಇರಲಿ, ಬಿಲ್ಲು ಮತ್ತು ವಾರಂಟಿಯನ್ನು ತಮ್ಮನು ಕೇಳಿ ಪಡೆಯಲಿ. ತೀರಾ ಅಗ್ಗದ್ದು ಬೇಡ.

ಭಾನುವಾರ ಬೆಳಿಗ್ಗೆ ಫೋನು ಮಾಡುತ್ತೇನೆ. ಫ್ಯಾನು ತಿರುಗಿತೇ ಇಲ್ಲವೇ ಎಂಬುದನ್ನು ಮೊದಲು ಹೇಳಿ. ಅಮ್ಮನಿಗೆ ನನ್ನ ನಮಸ್ಕಾರಗಳನ್ನು ತಿಳಿಸಿ. ಪೊರಕೆಯ ಮಾತನ್ನು ಅವರಿಗೆ ಓದಿ ಹೇಳಬೇಡಿ.

ಇತಿ,
ನಿಮ್ಮ ಮಗ