ದಂಟಿನ ಬೀಜ ಬೇಕಾದವರು ಓದಿ

ಕೈತೋಟದ ಗೆಳೆಯರೇ, ಈ ಸಲ ಹಂಚುತ್ತಿರುವುದು ದಂಟಿನ ಸೊಪ್ಪಿನ ಎರಡು ತಳಿಗಳ ಬೀಜ: ಅರ್ಕಾ ಅರುಣಿಮಾ ಮತ್ತು ಅರ್ಕಾ ಸಂರಕ್ಷಾ. ಎರಡೂ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವು.

ಅರುಣಿಮಾದ ಎಲೆ ಅಗಲ, ಕಡು ನೇರಳೆ. ಕಬ್ಬಿಣ, ಸುಣ್ಣದಂಶ ಜಾಸ್ತಿ. ಕೊಯ್ದ ಮೇಲೆ ಮತ್ತೆ ಚಿಗುರುತ್ತದೆ. ಸಂರಕ್ಷಾ ಹಸಿರು, ಬುಡಸಮೇತ ಕೀಳುವಂಥದ್ದು, 30–35 ದಿನಕ್ಕೆ ಸಿದ್ಧ. ನನಗೆ ಇದೇ ಹೆಚ್ಚು ಇಷ್ಟ. ದಂಟಿನ ಸೊಪ್ಪಿನಲ್ಲಿರುವ ಆಕ್ಸಲೇಟ್ ಎಂಬ ಅಂಶ ಸುಣ್ಣದಂಶವನ್ನು ಹಿಡಿದಿಟ್ಟುಕೊಂಡು ಮೈಗೆ ಹತ್ತಲು ಬಿಡುವುದಿಲ್ಲ. ಸುಮ್ನೆ ಪೋಷಕಾಂಶ ಹೆಚ್ಚಿಸಿದರೆ ಸಾಲದು, ಅಲ್ವಾ? ಸಂರಕ್ಷಾದಲ್ಲಿ ಆಕ್ಸಲೇಟ್ ಕಡಿಮೆ, ಅತಿಯಾದರೆ ಒಳ್ಳೆಯದಲ್ಲದ ನೈಟ್ರೇಟ್ ಕೂಡ ಕಡಿಮೆ.

ಬೀಜ ತುಂಬಾ ಸಣ್ಣದು, ಮರಳು ಬೆರೆಸಿ ಎರಚಿ. ಮುಂದಿನ ಸಲಕ್ಕೆ ಬೀಜ ಮಾಡುವವರು ಎರಡು ತಳಿಗಳನ್ನು ಅಕ್ಕಪಕ್ಕ ಹೂವಿಗೆ ಬಿಡಬೇಡಿ. ಗಾಳಿಗೆ ಪರಾಗ ಹಾರಿ ಬೆರೆಯುತ್ತದೆ. ತೆನೆ ಒಣಗಿದಾಗ ಅಂಗೈಯಲ್ಲಿ ಉಜ್ಜಿ ನೋಡಿ, ಬೀಜ ಕಪ್ಪಗೆ ಮಿಂಚಿದರೆ ಬಲಿತಿದೆ.

ಯಾವ ತಳಿ ಬೇಕು ಅಂತ ಭಾನುವಾರದೊಳಗೆ ಇಲ್ಲೇ ಬರೆಯಿರಿ. ಮನೆಯಲ್ಲಿ ಹಳೇ ನಾಟಿ ದಂಟು ಇದ್ದರೆ ದಯವಿಟ್ಟು ಕೈಬಿಡಬೇಡಿ. ಹೊಸ ತಳಿ ಹುಟ್ಟುವುದು ಅಂಥವುಗಳಿಂದಲೇ. ಅದರ ಬೀಜವನ್ನೂ ಒಂದು ಹಿಡಿ ತನ್ನಿ.