ದುರ್ಗಿಗುಡಿಯ ಜೆರಾಕ್ಸ್ ಅಂಗಡಿಯ ಹುಡುಗನಿಗೆ ಥ್ಯಾಂಕ್ಸ್

ತೀರ್ಥಹಳ್ಳಿ ಕಡೆ ತೋಟದಲ್ಲಿ ಅಪ್ಪಯ್ಯ ಒಬ್ಬರೇ ಇರೋದು. ಹೋದ ವಾರ ಜೋರು ಮಳೆ, ಹನ್ನೊಂದು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ಕೊನೆಗೆ ಪಕ್ಕದ ಮನೆಯವರು ಹೋಗಿ ನೋಡಿದರೆ ಫೋನ್ ಜೇಬಲ್ಲೇ ಇತ್ತು, ರಿಂಗ್ ಕೇಳಿಸಿರಲಿಲ್ಲ ಅಷ್ಟೇ. ಆ ಒಂದು ಗಂಟೆ ನನಗೆ ಹೇಗಾಯ್ತು ಅಂತ ಹೇಳಲಾರೆ.

ಮರುದಿನ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಆ ಫೋನ್ ಹಿಡಿದು ಒಂದು ಜೆರಾಕ್ಸ್ ಅಂಗಡಿಗೆ ಹೋದೆ. ಜೋರಾದ ರಿಂಗ್‌ಟೋನ್ ಹಾಕಿಕೊಡಿ ಅಂದೆ. ಕಂಪ್ಯೂಟರ್ ಮುಂದಿದ್ದ ಹುಡುಗ ಕೆಲಸ ನಿಲ್ಲಿಸಿ, 'ಸರ್, ವಯಸ್ಸಾದವರಿಗೆ ಕೀರಲು ದನಿ ಮೊದಲು ಕೇಳಿಸದೆ ಹೋಗುತ್ತೆ, ಜೋರು ಮಾಡಿದರೆ ಸಾಲಲ್ಲ. ಅವರಿಗೆ ಯಾವ ಸದ್ದು ಇಷ್ಟ?' ಅಂತ ಕೇಳಿದ.

ಊರಿನ ಯಕ್ಷಗಾನದ ಆಟದಲ್ಲಿ ನಾನು ರೆಕಾರ್ಡ್ ಮಾಡಿದ್ದ ಮದ್ದಳೆ ತೋರಿಸಿದೆ. ಅದನ್ನ ಆಡಾಸಿಟಿ ಅನ್ನೋ ಆಡಿಯೋ ಎಡಿಟ್ ಮಾಡೋ ಸಾಫ್ಟ್‌ವೇರಿಗೆ ಹಾಕಿದ, ಜನರ ಗಲಾಟೆ ಇಲ್ಲದ ಇಪ್ಪತ್ತೈದು ಸೆಕೆಂಡ್ ಹುಡುಕಿದ, ಪೆಟ್ಟು ಬೀಳೋ ಜಾಗಕ್ಕೇ ಸರಿಯಾಗಿ ಕತ್ತರಿಸಿದ. ಸಣ್ಣ ಸ್ಪೀಕರಲ್ಲಿ ತೀರಾ ದಪ್ಪ ದನಿ ಬರಲ್ಲ ಅಂತ ನಡುವಿನ ದನಿಯನ್ನ ಸ್ವಲ್ಪ ಏರಿಸಿದ. ಎಂಪಿ3 ಮಾಡಿ ಕೇಬಲ್‌ನಲ್ಲಿ ರಿಂಗ್‌ಟೋನ್ಸ್ ಫೋಲ್ಡರಿಗೆ ಹಾಕಿದ. ಅಷ್ಟಕ್ಕೆ ಬಿಡಲಿಲ್ಲ ನೋಡಿ, ಫೋನನ್ನ ತನ್ನ ಜೇಬಿಗೆ ಹಾಕ್ಕೊಂಡು ಬಸ್ಸು ಹೋಗೋ ರಸ್ತೆ ಬದಿ ನಿಂತು, ನನ್ನ ಕೈಲಿ ಎರಡು ಸಲ ಫೋನ್ ಮಾಡಿಸಿದ!

ಇಪ್ಪತ್ತು ರೂಪಾಯಿ ತಗೊಂಡ. ಹೆಸರು ಕೇಳೋದೇ ಮರೆತೆ. ತಮ್ಮಾ, ತುಂಬಾ ಥ್ಯಾಂಕ್ಸ್ ಕಣೋ.

ನಿನ್ನೆ ಸಂಜೆ ಮಳೆಯಲ್ಲೇ ಫೋನ್ ಮಾಡಿದೆ. ಎರಡನೇ ರಿಂಗಿಗೇ ಎತ್ತಿ, 'ಏನೋ, ಆಟ ಶುರುವಾಯ್ತು ಅನ್ಕೊಂಡೆ' ಅಂದರು ಅಪ್ಪಯ್ಯ.