ಅಮ್ಮಾ, ಆ ಮಾತ್ರೆಯ ವಿಷಯ

ಲೆಸ್ಟರ್,
ಭಾನುವಾರ ರಾತ್ರಿ

ಅಮ್ಮಾ,

ವಿಡಿಯೋ ಕಾಲ್‌ನಲ್ಲಿ ನನ್ನ ಹಿಂದೆ ಮಾತ್ರೆ ಡಬ್ಬಿ ಕಂಡು ಅತ್ತುಬಿಟ್ಟೆಯಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿಸಿಕೊಂಡು ಉಳಿದರ್ಧ ನೀನೇ ಊಹಿಸಿಕೊಳ್ಳುತ್ತೀಯ. ಅದಕ್ಕೇ ಕಾಗದ. ಅಪ್ಪನ ಕೈಲಿ ಓದಿಸಿಕೊ.

ನನ್ನ ಹಾರ್ಟಿಗೆ ಏನೂ ಆಗಿಲ್ಲ. ಅದು ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಅನ್ನೋ ಜಾತಿಯ ಮಾತ್ರೆ, ಅಷ್ಟೇ. ಇಂಗ್ಲೆಂಡಿನಲ್ಲಿ 40ರಿಂದ 74 ವಯಸ್ಸಿನವರನ್ನು ಐದು ವರ್ಷಕ್ಕೊಮ್ಮೆ ಕರೆದು ಪುಕ್ಕಟೆ ಪರೀಕ್ಷೆ ಮಾಡುತ್ತಾರೆ. ಬಿಪಿ, ಕೊಲೆಸ್ಟ್ರಾಲ್, ತೂಕ ಎಲ್ಲ ಕಂಪ್ಯೂಟರಿಗೆ ಹಾಕಿದರು. ಸಿಗರೇಟು ಉಂಟಾ? ಭಾರತೀಯರಾ? ಮನೆಯಲ್ಲಿ ಯಾರಿಗಾದರೂ 60ರೊಳಗೆ ಹಾರ್ಟಿನ ತೊಂದರೆ ಆಗಿತ್ತಾ? ಅಪ್ಪನಿಗೆ 56ಕ್ಕೇ ಜಯದೇವದಲ್ಲಿ ಸ್ಟೆಂಟ್ ಹಾಕಿದ್ದು ಹೇಳಿದೆ. ಕೊನೆಗೆ 10 ಪರ್ಸೆಂಟ್ ಅಂತ ಬಂತು.

ಅಂದರೆ ನನ್ನಂಥ ನೂರು ಜನರಲ್ಲಿ ಹತ್ತು ಜನರಿಗೆ ಹತ್ತು ವರ್ಷದೊಳಗೆ ಹಾರ್ಟ್ ಅಟ್ಯಾಕೋ ಸ್ಟ್ರೋಕೋ ಆಗುತ್ತದೆ. ನೂರೂ ಜನ ದಿನಾ ನನ್ನ ಈ ಮಾತ್ರೆ, 20 ಮಿಲಿಗ್ರಾಂ ಅಟೋರ್ವಾಸ್ಟಾಟಿನ್, ನುಂಗಿದರೆ ಆ ಹತ್ತರಲ್ಲಿ ಸುಮಾರು ನಾಲ್ವರು ಬಚಾವ್. ಆರು ಜನರಿಗೆ ಆಗುವುದು ಆಗಿಯೇ ಆಗುತ್ತದೆ. ಮಿಕ್ಕ 90 ಜನರಿಗೆ ಮಾತ್ರೆ ಇಲ್ಲದಿದ್ದರೂ ಏನೂ ಆಗುತ್ತಿರಲಿಲ್ಲ. ಅಲ್ಲಿಗೆ 96 ಜನ ತಲಾ ಮೂರೂವರೆ ಸಾವಿರ ಮಾತ್ರೆ ಸುಮ್ನೆ ನುಂಗಿದ ಹಾಗಾಯಿತು! ಆ ನಾಲ್ವರು ಯಾರು ಅಂತ ಹತ್ತು ವರ್ಷ ಆದ ಮೇಲೂ ಗೊತ್ತಾಗುವುದಿಲ್ಲ. ಎರಡು ವಾರ ತಲೆ ಕೆಡಿಸಿಕೊಂಡೆ. ಆಮೇಲೆ ಆ ರಾತ್ರಿ ದೇವನಹಳ್ಳಿಯಿಂದ ಜಯದೇವದ ತನಕ ನೀನು ಅಪ್ಪನ ಕೈ ಬಿಡದೆ ಕೂತಿದ್ದು ನೆನಪಾಯಿತು. ಶುರು ಮಾಡಿದೆ.

ದುಡ್ಡೇನೂ ಜಾಸ್ತಿ ಇಲ್ಲ, ಒಂದು ಸಲಕ್ಕೆ 9 ಪೌಂಡ್ 90 ಪೆನ್ಸ್. ಸ್ಕಾಟ್ಲೆಂಡಿನಲ್ಲಿದ್ದಿದ್ದರೆ ಅದೂ ಇಲ್ಲ.

ಮೈಕೈ ನೋವು ಬರುತ್ತೆ ಅಂತ ಎಲ್ಲರೂ ಹೆದರಿಸಿದ್ದರು. ಮೊದಲ ವಾರವೇ ತೊಡೆ ಹಿಡಿದುಕೊಂಡಿತು. ಆಗ ಲಂಡನ್ನಿನ ಒಂದು ಪ್ರಯೋಗದ ಬಗ್ಗೆ ಓದಿದೆ. ತೊಂದರೆ ಆಯಿತೆಂದು ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ ಕೆಲವು ತಿಂಗಳು ಅದೇ ಮಾತ್ರೆ, ಕೆಲವು ತಿಂಗಳು ಔಷಧಿಯೇ ಇಲ್ಲದ ಡಮ್ಮಿ ಮಾತ್ರೆ, ಕೆಲವು ತಿಂಗಳು ಏನೂ ಇಲ್ಲ. ತೊಂದರೆಯಲ್ಲಿ 90 ಪರ್ಸೆಂಟ್ ಡಮ್ಮಿ ನುಂಗಿದಾಗಲೂ ಇತ್ತು! ಓದಿದ ಮೇಲೆ ನನ್ನ ತೊಡೆ ನೋವು ಎಲ್ಲಿಗೆ ಹೋಯಿತೋ. ಹಾಗಂತ ಎಲ್ಲವೂ ಭ್ರಮೆಯಲ್ಲ. ಶುಗರ್ ಅಂಚಿನಲ್ಲಿರುವವರಿಗೆ ಶುಗರ್ ಬರುವುದು ಸ್ವಲ್ಪ ಜಾಸ್ತಿ. ತೀರಾ ಅಪರೂಪಕ್ಕೆ ಸ್ನಾಯುವೇ ಕೆಡಬಹುದು.

ಅಪ್ಪಾ, ಓದುತ್ತಿರುವುದು ನೀವೇ ತಾನೆ? ನಿಮ್ಮ ಲೆಕ್ಕ ಬೇರೆ. ಒಮ್ಮೆ ಹಾರ್ಟಿನ ತೊಂದರೆ ಆದವರಿಗೆ ಈ ಮಾತ್ರೆಯಿಂದ ಲಾಭ ಇನ್ನೂ ಜಾಸ್ತಿ. "96 ಜನರಿಗೆ ವೇಸ್ಟ್ ಅಂತ ಮಗನೇ ಬರೆದಿದ್ದಾನೆ" ಅಂತ ನಿಲ್ಲಿಸಿಬಿಡಬೇಡಿ.

ಚಿಕ್ಕಪ್ಪ ನಿಮ್ಮನ್ನು ನೋಡಿ ತಾವೇ ಆಸ್ಪಿರಿನ್ ಶುರು ಮಾಡಿದ್ದಾರಲ್ಲ, ಅದು ಸರಿ ಇಲ್ಲ. ಆಸ್ಟ್ರೇಲಿಯಾ, ಅಮೆರಿಕದಲ್ಲಿ ಆರೋಗ್ಯವಾಗಿದ್ದ ವಯಸ್ಸಾದವರಿಗೆ ಆಸ್ಪಿರಿನ್ ಕೊಟ್ಟು ನೋಡಿದ ದೊಡ್ಡ ಅಧ್ಯಯನ 2018ರಲ್ಲಿ ಬಂತು. ಹಾರ್ಟಿಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ, ರಕ್ತಸ್ರಾವ ಮಾತ್ರ ಜಾಸ್ತಿಯಾಯಿತು. ಡಾಕ್ಟರ ಹತ್ತಿರ ಒಮ್ಮೆ ಕೇಳಲಿ.

ಅಮ್ಮಾ, ಇನ್ನೊಂದು ಮಾತು. ಈ ಮಾತ್ರೆ ಜೊತೆ ಗ್ರೇಪ್‌ಫ್ರೂಟ್ ಜ್ಯೂಸು ಜಾಸ್ತಿ ಕುಡಿಯಬಾರದಂತೆ, ಔಷಧಿ ರಕ್ತದಲ್ಲಿ ಏರಿಬಿಡುತ್ತದಂತೆ. ಗ್ರೇಪ್‌ಫ್ರೂಟ್ ಯಾರು ಗೊತ್ತಾ? ನಮ್ಮ ಚಕ್ಕೋತಕ್ಕೂ ಕಿತ್ತಳೆಗೂ ಹುಟ್ಟಿದ ಕೂಸು. ಹಿತ್ತಲ ಮರದ ಹಣ್ಣಿಗೂ ಇದು ಅನ್ವಯಿಸುತ್ತದಾ ಅಂತ ಇಲ್ಲಿನ ಫಾರ್ಮಸಿಯವಳನ್ನು ಕೇಳಿದೆ. ಅವಳು ಚಕ್ಕೋತ ನೋಡಿಯೇ ಇಲ್ಲ! ಫೋನಿನಲ್ಲಿ ಫೋಟೋ ತೋರಿಸಿದೆ, "ಇದೂ ಅದೇ ಜಾತಿ, ಹುಷಾರು" ಅಂದಳು. ಜನವರಿಗೆ ಬಂದಾಗ ನನಗೆ ಎರಡೇ ತೊಳೆ ಕೊಡು.

ನಿನ್ನ ಮಗ